ಸನ್ನಿ ಹಿಡಿದವಳ ಸಾಕ್ಷಿ

ಕೈಕಟ್ಟು ಬಿಚ್ಚಿದಾಗ ಪಾಟಲಿ ಇರಲಿಲ್ಲ.

ರೋಗಿಯ ಎಡಗೈ ನೋಡಿದೆ. ಬಲಗೈ ನೋಡಿದೆ. ಹಾಸಿಗೆ ಕೊಡವಿದೆ, ಮಂಚದ ಕೆಳಗೆ ಬಗ್ಗಿ ಹುಡುಕಿದೆ. ಎರಡೂ ಕೈಗಳ ಅಗಲವಾದ ಬಂಗಾರದ ಬಳೆಗಳು ಮಾಯವಾಗಿದ್ದವು. ಹಿಂದಿನ ದಿನ ಮಧ್ಯಾಹ್ನ ಅವುಗಳ ಮೇಲೆಯೇ ಹತ್ತಿಯಿಟ್ಟು, ಬ್ಯಾಂಡೇಜು ಸುತ್ತಿಸಿ, ಕೈಗಳನ್ನು ಮಂಚಕ್ಕೆ ಕಟ್ಟಿಸಿದವಳು ನಾನೇ.

"ಸೈದಾಬಿ ಕಟ್ಟಿದ್ಲು," ಎಂದು ತಾರಾಬಾಯಿ ಕಣ್ಣು ಮುಚ್ಚಿಕೊಂಡೇ ಕೂಗಿದರು. "ಸೈದಾಬಿ ಕಸಗೊಂಡ್ಲು. ಹೊಳಿಯೊಳಗ ಒಗದ್ಲು."

ಅಷ್ಟೇ ಸಾಕಾಯಿತು.

ಇದು ೧೯೭೪ರ ಮಾತು. ಬೈಲಹೊಂಗಲದಲ್ಲಿ ಡಾಕ್ಟರ್ ಬಸಲಿಂಗಪ್ಪನವರ ದವಾಖಾನೆ. ನಾನು, ಲೀಲಾಬಾಯಿ, ಅಲ್ಲಿಯ ಹಿರಿಯ ನರ್ಸು. ಡಾಕ್ಟರರ ಕೋಣೆಗೆ ಹತ್ತಿಕೊಂಡು ಎರಡು ಮಂಚದ ಇನ್ನೊಂದು ಕೋಣೆ ಇತ್ತು. ಜನ ಅದನ್ನು ಸೀರಿಯಸ್ ಖೋಲಿ ಎನ್ನುತ್ತಿದ್ದರು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯಿಂದ ಆಸೆ ಬಿಟ್ಟವರನ್ನೆಲ್ಲ ಅಲ್ಲಿಗೆ ತಂದು ಮಲಗಿಸುತ್ತಿದ್ದರು. ಬದುಕಿದರೆ ಡಾಕ್ಟರರ ಕೈಗುಣ, ಸತ್ತರೆ ನರ್ಸುಗಳ ನಿಷ್ಕಾಳಜಿ. ಹದಿನಾರು ವರ್ಷ ಇದನ್ನೇ ಕೇಳಿದ್ದೇನೆ.

ತಾರಾಬಾಯಿ ಹೆಣ್ಣುಮಕ್ಕಳ ಶಾಲೆಯ ಅಕ್ಕೋರು. ಗಂಡ ಕೃಷ್ಣಾಜಿ ಕೋರ್ಟಿನಲ್ಲಿ ಶಿರಸ್ತೇದಾರ. ಇಪ್ಪತ್ತು ದಿನದ ವಿಷಮಜ್ವರ ಆಕೆಯ ಕೈಕಾಲುಗಳನ್ನು ಕಡ್ಡಿ ಮಾಡಿತ್ತು. ಮೂರನೇ ವಾರ ಸನ್ನಿ ಹಿಡಿಯಿತು. ಬೆಳಿಗ್ಗೆ ನನ್ನ ಹೆಸರು ಹಿಡಿದು ನೀರು ಕೇಳುವವರು ಸಂಜೆಗೆ ನನ್ನನ್ನು ಪೋಸ್ಟಮನ್ ಎಂದು ಬೈಯುತ್ತಿದ್ದರು. ಚಾದರದ ನೂಲು ಕೀಳುತ್ತಿದ್ದರು. ಕಾಲಿನ ನರಕ್ಕೆ ಹಾಕಿದ ಸಲೈನ್ ಸೂಜಿಯನ್ನು ಎರಡು ಸಲ ಕಿತ್ತೆಸೆದರು.

ಇಂಥವರಿಗೆ ನಮ್ಮಲ್ಲಿ ಒಂದು ನಿಯಮವಿತ್ತು. ಗಾಜಿನ ಬಳೆ ತೆಗೆಯಬೇಕು, ಕೈ ಕಟ್ಟಬೇಕು. ಬಳೆ ತೆಗೆಯುವಾಗ ಕೃಷ್ಣಾಜಿಯವರ ಅಕ್ಕ ಗಂಗೂಬಾಯಿ ಜಗಳಕ್ಕೇ ಬಂದಿದ್ದರು. ರಾಮದುರ್ಗದಿಂದ ತಮ್ಮನ ಮನೆ ನೋಡಿಕೊಳ್ಳಲು ಬಂದ ಹೆಣ್ಣುಮಗಳು. "ಪಾಟಲಿ ಅವ ಅಲ್ರೀ ಕೈಯಾಗ," ಎಂದು ನಾನೇ ಸಮಾಧಾನ ಮಾಡಿದ್ದೆ. ಆಮೇಲೆ ಪಿಂಜಾರ ಓಣಿಯ ಆಯಾ ಸೈದಾಬಿ ಕೈ ಕಟ್ಟಿದಳು. ಮಣಿಕಟ್ಟು ತರಚಿದಲ್ಲಿ ಗಾಯದ ಹಳದಿ ಔಷಧ ಹಚ್ಚಿದಳು.

ಮರುದಿನ ಬೆಳಿಗ್ಗೆ ಪಾಟಲಿ ಇಲ್ಲವೆಂದು ಗದ್ದಲವೆದ್ದಿತು. ಆ ಗದ್ದಲದಲ್ಲಿ ನನ್ನ ಸೆರಗಿಗೆ ಹಳದಿ ಕಲೆಯಾದದ್ದು ಮನೆಗೆ ಹೋದ ಮೇಲೆ ಕಂಡಿತು. ಸಾಬೂನು ಹಚ್ಚಿ ತಿಕ್ಕಿದರೆ ಕೆಂಪಾಯಿತು. ತರಚಿದ ಕೈಯಲ್ಲವೇ, ಒಳಗೆ ರಕ್ತವೂ ಇದ್ದಿರಬೇಕು ಎಂದುಕೊಂಡು ಸೀರೆ ಒಣಹಾಕಿದೆ.

ಹವಾಲ್ದಾರ ಪರಸಪ್ಪ ಸೈದಾಬಿಯ ಮನೆ ಜಾಲಾಡಿದ. ಏನೂ ಸಿಗಲಿಲ್ಲ. ಸಿಗದಿದ್ದುದೇ ಅವಳ ಹುಷಾರಿಗೆ ಪುರಾವೆಯಾಯಿತು. ಡಾಕ್ಟರು ಕೆಲಸದಿಂದ ತೆಗೆದರು. ಹನ್ನೊಂದು ವರ್ಷ ಊರಿನ ಹೇಲು ಉಚ್ಚೆ ಬಳಿದ ಹೆಂಗಸು ಒಂದೇ ಮುಂಜಾನೆ ಕಳ್ಳಿಯಾದಳು. ಆದರೆ ಅವಳು ಮನೆಗೆ ಹೋಗಲಿಲ್ಲ. ದವಾಖಾನೆಯ ಮುಂಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

"ಕದ್ದಾಕಿ ಆಗಿದ್ರ ಮನಿಯಾಗ ಮಾರಿ ಮುಚ್ಚಿಕೊಂಡು ಕುಂದರತಿದ್ದೆ," ಎಂದಳು ನನಗೆ. "ನಾ ಇಲ್ಲೇ ಕುಂದರತೇನಿ. ನೋಡವ್ರು ನೋಡ್ಲಿ."

ನಾನು ಏನೂ ಹೇಳಲಿಲ್ಲ. ನನಗೂ ಅವಳ ಮೇಲೆ ಅನುಮಾನವಿತ್ತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಐದನೇ ದಿನ ತಾರಾಬಾಯಿಯ ಜ್ವರ ಇಳಿಯಿತು. ಕಣ್ಣು ತಿಳಿಯಾಯಿತು. ಗಂಜಿ ಕುಡಿದು ಕೇಳಿದ ಮೊದಲ ಮಾತು:

"ಸೈದಾಬಿ ಎಲ್ಲಿ? ನಾಲ್ಕು ದಿನದಿಂದ ಅಕಿ ದನಿ ಕೇಳಿಲ್ಲ."

ಹೇಳಿದೆ.

"ಕದ್ದಾಳ ಅಂತ ಸಾಕ್ಷಿ ಯಾರು?"

"ನೀವ."

"ನಾನು?"

"ಸನ್ನಿಯೊಳಗ ಅಂದ್ರಿ. ಎಲ್ಲಾರೂ ಕೇಳ್ಯಾರ. ನಾಳೆ ಪರಸಪ್ಪ ಬಂದು ನಿಮ್ಮ ಸಹಿ ತಗೋತಾನ. ಸಹಿ ಆತಂದ್ರ ಸೈದಾಬಿನ್ನ ಚೌಕಿಗೆ ಒಯ್ತಾರ."

ಆಕೆ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ; ಸಿಟ್ಟಿಗೆದ್ದರು. ಎದ್ದು ಕೂಡಲು ತ್ರಾಣವಿಲ್ಲದ ಜೀವ ಗೋಡೆಗೆ ಬೆನ್ನು ಕೊಟ್ಟು ಎದ್ದೇ ಕೂತಿತು.

"ಬಾಯಿ ನಂದು. ಮಾತು ನಂದು. ನನಗ ಎಚ್ಚರಿಲ್ಲದಾಗ ಅದನ್ನ ಯಾರೋ ಉಪಯೋಗ ಮಾಡಿಕೊಂಡಾರ. ಕುರ್ಚಿ ಎಳಕೊಂಡು ಕೂಡ್ರಿ, ಲೀಲಾಬಾಯಿ. ನಾ ಕೇಳ್ತೀನಿ, ನೀವು ಹೇಳ್ರಿ."

"ಡಾಕ್ಟರು ಮಲಗಬೇಕು ಅಂದಾರ—"

"ಡಾಕ್ಟರು ಸೈದಾಬಿನ್ನೂ ಕಳ್ಳಿ ಅಂದಾರ. ಅವರು ಅಂದದ್ದೆಲ್ಲಾ ಕೇಳಬೇಕಂತೇನದ? ಹೇಳ್ರಿ. ಅವತ್ತು ಕೈ ಕಟ್ಟಿದ ಮ್ಯಾಲ ಈ ಖೋಲಿಯೊಳಗ ಯಾರ್ಯಾರು ಬಂದ್ರು?"

"ಕಂಪೌಂಡರ್ ಪಾಂಡುರಂಗ. ಇಂಜೆಕ್ಷನ್ ಕೊಟ್ಟು ಹೋದ. ಐದಕ್ಕ ಗಂಗೂಬಾಯಾರು ಬಂದು ತಾಸು ಹೊತ್ತು ನಿಮ್ಮ ಹತ್ರ ಕೂತಿದ್ರು. ಬಾಜೂ ಮಂಚದ ಬಾಯವ್ವನ ಗಂಡ ಮಲಕಾಜಪ್ಪ ಒಳಗ ಹೊರಗ ಓಡಾಡತಿದ್ದ. ಸೈದಾಬಿ ಅಂತೂ ಇದ್ದೇ ಇದ್ಲು."

"ನಮ್ಮವರು?"

"ಅವರು ಅವತ್ತು ಕೋರ್ಟಿನ ಕೆಲಸಕ್ಕ ಸವದತ್ತಿಗೆ ಹೋಗಿದ್ರು. ಮರುದಿನ ಮುಂಜಾನೆ ಬಸ್ಸಿಳಿದು, ಸೈಕಲ್ ಹತ್ತಿ ಇಲ್ಲಿಗೆ ಬರಬೇಕಾದ್ರ ಬಿದ್ರು. ಹಣಿಗೆ ಮೂರು ಹೊಲಿಗಿ ಹಾಕೇವಿ."

ತಾರಾಬಾಯಿ ಕಣ್ಣು ಮುಚ್ಚಿದರು. ದಣಿದರೇನೋ ಎಂದು ನಾಡಿ ಹಿಡಿಯಹೋದೆ, ಕೈ ಕೊಸರಿಕೊಂಡರು.

"ಈಗ ನಾ ಸನ್ನಿಯೊಳಗ ಕಂಡದ್ದು ಹೇಳ್ತೀನಿ. ಯಾವುದು ಖರೆ, ಯಾವುದು ಸುಳ್ಳು, ನೀವು ಹೇಳ್ರಿ. ಮಂಚ ಮಲಪ್ರಭಾ ಹೊಳಿಯೊಳಗ ತೇಲತಿತ್ತು."

"ಎರಡು ಹೊತ್ತು ನೆಲಕ್ಕ ಫಿನಾಯಿಲ್ ನೀರು ಹೊಡಿತೀವಿ. ಆ ಸಪ್ಪಳ ಇರಬೇಕು."

"ಸೈದಾಬಿ ನನ್ನ ಕೈ ಕಟ್ಟಿದ್ಲು."

"ಅದು ಖರೆ. ನಾನ ಹೇಳಿ ಕಟ್ಟಿಸಿದ್ದು."

"ನೋಡ್ರಿ. ಸನ್ನಿ ಹೊಸಾದೇನೂ ಹುಟ್ಟಿಸೂದಿಲ್ಲ. ಇದ್ದದ್ದನ್ನ ಕಲಸಿಬಿಡ್ತದ. ಕೈ ಕಟ್ಟಿದಾಕಿ ಸೈದಾಬಿ. ಅದಕ್ಕ ಕಸಗೊಂಡಾಕಿನೂ ಅಕಿನ ಅಂತ ನನ್ನ ತಲಿ ಗಂಟು ಹಾಕ್ತು. ಇನ್ನೊಂದದ. ಎರಡು ಹಳದಿ ಹಾವು. ಮಣಿಕಟ್ಟಿಗೆ ಸುತ್ತಿದ್ವು, ಒಂದೊಂದು ಕೈಗೆ ಒಂದೊಂದು. ತಣ್ಣಗಿದ್ವು. ಅರಿಷಿಣದ ವಾಸನಿ ಹೊಡಿತಿದ್ವು."

"ಹಳದಿ ಔಷಧ ಹಚ್ಚಿದ್ವಿ."

"ಅದಕ್ಕ ಅರಿಷಿಣದ ವಾಸನಿ ಇರ್ತದೇನು?"

ಇರುವುದಿಲ್ಲ.

"ಕಟ್ಟು ಬಿಚ್ಚಿದಾಗ ಕೆಳಗ ಏನರೇ ಇತ್ತೇನು?"

ಆಗ ನೆನಪಾಯಿತು. ಹತ್ತಿಯ ಕೆಳಗೆ ಹಸಿ ಹಸಿಯಾದ ಹಳದಿ ನೂಲಿನಂಥದ್ದು ಏನೋ ಇತ್ತು. ಬ್ಯಾಂಡೇಜಿನ ಎಳೆ ಔಷಧದಲ್ಲಿ ತೊಯ್ದಿದೆ ಎಂದು ಎಲ್ಲವನ್ನೂ ಸೇರಿಸಿ ಕತ್ತರಿ ಹಾಕಿ ಬುಟ್ಟಿಗೆ ಎಸೆದಿದ್ದೆ. ಬುಟ್ಟಿಯದನ್ನು ಅಂದೇ ಸುಟ್ಟಿದ್ದೆವು. ಅದನ್ನು ಹೇಳಿದೆ. ಸೆರಗಿನ ಕಲೆಯ ಮಾತನ್ನೂ ಹೇಳಿದೆ. ಕಲೆ ಸಾಬೂನಿಗೆ ಕೆಂಪಾಯಿತು ಎಂದೊಡನೆ ತಾರಾಬಾಯಿ ಕಣ್ಣು ತೆರೆದರು.

"ಇದನ್ನ ಯಾರ ಮುಂದರೇ ಹೇಳೀರೇನು?"

"ಇಲ್ಲ."

"ಹೇಳಬ್ಯಾಡ್ರಿ."

ಬಾಜೂ ಮಂಚದ ಬಳಿ ಮಲಕಾಜಪ್ಪ ಹೆಂಡತಿಗೆ ಗಾಳಿ ಬೀಸುತ್ತಿದ್ದ. ಸಂಪಗಾಂವದ ಒಕ್ಕಲಿಗ, ಆರಡಿ ಎತ್ತರ. ಬಾಯವ್ವನ ಹಣೆ ತುಂಬ ಹಳದಿ ಭಂಡಾರ.

"ಮಲಕಾಜಪ್ಪನವರ, ಭಂಡಾರ ಎಲ್ಲಿಂದು?" ತಾರಾಬಾಯಿ ಕೇಳಿದರು.

"ಎಲ್ಲವ್ವನ ಗುಡ್ಡದ್ದು ಬಾಯಾರ. ನನ್ನ ಹೇಣ್ತಿಗಿ ಹಚ್ಚೇನಿ."

"ನನಗ?"

"ನಿಮ್ಮ ಮಂಚದ ಕಡೆ ಹಾದಿಲ್ರಿ. ನೀವು ನನ್ನ ನೋಡಿ ಯಮ ಬಂದಾನಂತ ಒದರತಿದ್ರಿ. ಹ್ಯಾಂಗ ಬರ್ಲಿ?"

ತಾರಾಬಾಯಿ ನಕ್ಕರು. ಇಪ್ಪತ್ತೈದು ದಿನಗಳಲ್ಲಿ ಮೊದಲ ನಗು ಅದು.

"ಇವನಲ್ಲ," ಎಂದರು ನನಗೆ ಮೆಲ್ಲಗೆ. "ಪಾಂಡುರಂಗನೂ ಅಲ್ಲ, ಸೈದಾಬಿನೂ ಅಲ್ಲ. ನಾಳೆ ಎಲ್ಲಾರನ್ನೂ ಇಲ್ಲೇ ಕರಸ್ರಿ."

ಮರುದಿನ ಸಂತೆ. ಹೊರಗೆ ಔಷಧಕ್ಕೆ ಬಂದವರು ಅಂಗಳದ ತುಂಬ. ಸೀರಿಯಸ್ ಖೋಲಿಯಲ್ಲಿ ಡಾಕ್ಟರು, ಹಣೆಗೆ ಪಟ್ಟಿ ಹಾಕಿಕೊಂಡ ಕೃಷ್ಣಾಜಿ, ಗಂಗೂಬಾಯಿ, ಪಾಂಡುರಂಗ, ಮಲಕಾಜಪ್ಪ. ಪರಸಪ್ಪ ಬರೆದು ತಂದ ಕಾಗದ ಮುಂದೆ ಚಾಚಿದ. ಸೈದಾಬಿಯನ್ನು ಕರೆದರೆ ಮೆಟ್ಟಿಲು ಬಿಟ್ಟು ಏಳಲಿಲ್ಲ. "ಹೊರಗ ಹಾಕಿದವ್ರು ಹೊರಗ ಬರ್ಲಿ," ಎಂದು ಹೇಳಿ ಕಳಿಸಿದಳು.

"ಸಹಿ ಮಾಡೂದಿಲ್ಲ," ಎಂದರು ತಾರಾಬಾಯಿ. "ಕಳ್ಳರು ಬ್ಯಾರೆ. ನಾ ಸನ್ನಿಯೊಳಗ ಕಂಡದ್ದೇನಂದ್ರ—"

ಡಾಕ್ಟರು ತಡೆದರು. "ಅಕ್ಕೋರ, ಸನ್ನಿಯೊಳಗ ಕಂಡದ್ದು ಸಾಕ್ಷಿ ಆಗೂದಿಲ್ಲ. ಅದು ಜ್ವರದ ಬಡಬಡಿಕಿ."

"ಹೌದೇನ್ರೀ? ಹಂಗಾದ್ರ ಸೈದಾಬಿನ್ನ ಯಾವ ಸಾಕ್ಷಿ ಮ್ಯಾಲ ತಗದ್ರಿ?"

ಡಾಕ್ಟರು ಕೊರಳಿನ ಸ್ಟೆತಸ್ಕೋಪನ್ನು ಸರಿಮಾಡಿಕೊಂಡರು.

"ಪಿಂಜಾರ ಓಣಿಯವಳ ಹೆಸರು ಬಂದಾಗ ಸನ್ನಿಯವಳ ಮಾತು ಶಾಸನ. ಬ್ಯಾರೆಯವ್ರ ಹೆಸರು ಬರ್ತದಂದಕೂಡ್ಲೆ ಬಡಬಡಿಕಿ. ಎರಡರಾಗ ಒಂದು ಮಾಡ್ರಿ."

"ತಾರಾ, ಸಾಕು," ಎಂದರು ಕೃಷ್ಣಾಜಿ. "ಹೋದದ್ದು ಹೋತು. ನೀ ಉಳದಿ, ಅಷ್ಟ ಸಾಕು."

"ನಿಮ್ಮ ಹಣಿಗೆ ಹೆಂಗ ಪೆಟ್ಟಾತು?"

"ಸೈಕಲ್ ಮ್ಯಾಲಿಂದ ಬಿದ್ದೆ. ಅದಕ್ಕೂ ಇದಕ್ಕೂ ಏನು?"

"ಅದ. ಪಾಟಲಿ ಹೋದ ಮರುದಿನನ ಬಿದ್ರಿ. ಒಂದು ಬೆರಳು ಕೆಳಗಾಗಿದ್ರ ಕಣ್ಣು ಹೋಗ್ತಿತ್ತು. ಗಾಜಿನ ಬಳಿ ಮೊದಲ ತಗದಿದ್ರು. ಪಾಟಲಿನೂ ತಗದು, ಮುತ್ತೈದಿನ್ನ ರಾತ್ರಿಯೆಲ್ಲಾ ಬರಿಗೈಲೆ ಮಲಗಿಸಿದ್ರು. ಕದ್ದವರಿಗೆ ಬಂಗಾರದ ಆಶಾ ಇರ್ಲಿ. ನಿಮ್ಮ ಆಯುಷ್ಯದ ಮ್ಯಾಲೆ ಯಾಕ ಕಲ್ಲು ಹಾಕಬೇಕಿತ್ತು? ನಿಮ್ಮ ಮ್ಯಾಲೆ ಅಷ್ಟು ದ್ವೇಷ ಯಾರಿಗಿತ್ತು?"

ನನಗೆ ದಿಗಿಲಾಯಿತು. ಬರಿಗೈ, ಆಯುಷ್ಯ—ಶಾಲೆಯ ಹುಡುಗಿಯರಿಗೆ ಇಂಥ ಮಾತು ನಂಬಬೇಡಿರೆಂದು ಹೇಳುವ ಅಕ್ಕೋರು ಇವರೇ ಅಲ್ಲವೇ?

"ಸುಳ್ಳು." ಗಂಗೂಬಾಯಿಯ ದನಿ ನಡುಗುತ್ತಿತ್ತು. "ನನ್ನ ತಮ್ಮಗ ಕೇಡು ಬಯಸಿದವ್ರು ಯಾರೂ ಇಲ್ಲ. ಬರಿಗೈ ಒಂದು ಕ್ಷಣನೂ ಇದ್ದಿದ್ದಿಲ್ಲ. ಮೊದಲ ದಾರ ಕಟ್ಟಿ ಆಮ್ಯಾಲ—"

ಮಾತು ಅಲ್ಲೇ ನಿಂತಿತು.

"ಯಾವ ದಾರ, ಗಂಗಕ್ಕ?" ತಾರಾಬಾಯಿ ಮೆತ್ತಗೆ ಕೇಳಿದರು. "ದಾರದ ಸುದ್ದಿ ನನಗ ಗೊತ್ತು, ಕತ್ತರಿಸಿದ ಲೀಲಾಬಾಯಿಗೆ ಗೊತ್ತು. ಕಟ್ಟಿದವರಿಗೆ ಗೊತ್ತು. ನಾಲ್ಕನೇದವ್ರಿಗೆ ಗೊತ್ತಿಲ್ಲ."

ಗಂಗೂಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪರಸಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿ, "ನನಗ ಬಿಡಿಸಿ ಹೇಳ್ರಿ ಅಕ್ಕೋರ," ಎಂದ.

"ಲೀಲಾಬಾಯಿ ಸೆರಗಿಗೆ ಹಳದಿ ಕಲಿ ಆಗಿತ್ತು, ಹವಾಲ್ದಾರ. ಸಾಬೂನು ಹಚ್ಚಿದ್ರು, ಕೆಂಪಾತು. ರಕ್ತ ಅಂತ ತಿಳಕೊಂಡ್ರು. ಈ ದವಾಖಾನಿ ಹಳದಿ ಔಷಧಕ್ಕ ಸಾಬೂನು ಹಚ್ಚಿದ್ರ ಹಳದಿನ ಉಳಿತದ. ಸಾಬೂನಿಗೆ ಕೆಂಪಾಗೂದು ಅರಿಷಿಣ. ದಿನಾ ಮಸಾಲಿ ಕೈ ತೊಳಿಯೋ ಹೆಂಗಸು ಇದನ್ನ ಮರತಿದ್ದು ಯಾಕಂದ್ರ, ದವಾಖಾನಿಯೊಳಗ ಅರಿಷಿಣ ಇರ್ತದಂತ ಆಕಿಗೆ ಅನಿಸಲೇ ಇಲ್ಲ."

ಮನೆಯಲ್ಲಿ ಸಾರಿನ ಕಲೆ ಕೆಂಪಾದರೆ ಅರಿಷಿಣವೆನ್ನುವವಳು, ನರ್ಸಿನ ಸೀರೆ ಉಟ್ಟ ಕೂಡಲೇ ರಕ್ತವೆಂದಿದ್ದೆ.

"ಭಂಡಾರನೂ ಅರಿಷಿಣನ ಅಲ್ರಿ?" ಪರಸಪ್ಪ ಮಲಕಾಜಪ್ಪನತ್ತ ತಿರುಗಿದ.

"ಭಂಡಾರ ಒಣ ಪುಡಿ. ನನಗ ಕಟ್ಟಿದ್ದು ಹಸಿ ದಾರ. ನೀರಾಗ ಅರಿಷಿಣ ಕಲಸಿ, ದಾರಕ್ಕ ಸವರಿ, ಎರಡೂ ಕೈಗೆ ಕಟ್ಟಿದ್ದು. ಮುತ್ತೈದಿ ಕೈ ಖಾಲಿ ಆಗಬಾರದಂತ ನಮ್ಮ ಮನ್ಯಾಗ ಬಳಿ ಬದಲಿ ಮಾಡಬೇಕಾದ್ರ ಹಂಗ ಕಟ್ತಾರ. ಬಂಗಾರದ ಆಶಾಕ್ಕ ಬಂದವ ಅದನ್ನ ಎತ್ತಿಕೊಂಡು ಓಡ್ತಾನ. ಇಲ್ಲಿ ಒಬ್ಬರು ನಿಂತು, ಕಟ್ಟು ಬಿಚ್ಚಿ, ಮೊದಲ ದಾರ ಕಟ್ಟಿ, ಆಮ್ಯಾಲ ಪಾಟಲಿ ಎಳದು, ಮತ್ತ ಹತ್ತಿ ಸುತ್ತ್ಯಾರ. ಯಾರಿಗಾಗಿ? ನನಗಾಗಿ ಅಲ್ಲ. ನಾ ಸಾಯ್ತೀನಂತ ಅವರಿಗೆ ಖಾತ್ರಿ ಇತ್ತು. ನನ್ನ ಗಂಡಗಾಗಿ. ನನ್ನ ಗಂಡ ಇದ್ರೇನು, ಹೋದ್ರೇನು, ಮಲಕಾಜಪ್ಪಗೇನು? ಪಾಂಡುರಂಗಗೇನು? ಸೈದಾಬಿಗೇನು? ಇವರ ಆಯುಷ್ಯಕ್ಕ ಅಂಜಿದವ್ರು ಆ ದಿನ ಈ ಖೋಲಿಗೆ ಬಂದದ್ದು ಒಬ್ಬರ. ಕುಂಕುಮ ಅರಿಷಿಣದ ಕರಡಗಿ ಬಿಟ್ಟು ಊರು ದಾಟದವ್ರು. ಗಂಗಕ್ಕ."

ಕೃಷ್ಣಾಜಿ ಅವರತ್ತ ತಿರುಗಿದರು. "ಅಕ್ಕಾ?"

"ಅವು ನಮ್ಮವ್ವನ ಪಾಟಲಿ," ಎಂದರು ಗಂಗೂಬಾಯಿ. ಈಗ ದನಿ ನಡುಗುತ್ತಿರಲಿಲ್ಲ. "ಅವ್ವ ಸಾಯಬೇಕಾದ್ರ ಮಗಳು ನಾ ಎದುರಿಗೆ ಕೂತಿದ್ದೆ. ಸೊಸಿ ಕೈಗೆ ಹಾಕಿದ್ಲು. ಇವತ್ತು ನಾಳೆ ಅಂತ ಡಾಕ್ಟರು ಅಂದಿದ್ರು. ಇಕಿ ಹೋದ್ರ ತವರಿನವ್ರು ಒಯ್ತಿದ್ರು. ನಮ್ಮವ್ವಂದು ನಾ ತಗೊಂಡೆ. ಮನ್ಯಾಗ ದೇವರ ಪೆಟಗಿಯೊಳಗ ಅವ."

"ಬಾಯಿಬಿಟ್ಟು ಕೇಳಿದ್ರ ಬಿಚ್ಚಿ ಕೊಡ್ತಿದ್ದೆ," ಎಂದರು ತಾರಾಬಾಯಿ. "ತಗೊಂಡದ್ದಕ್ಕ ನನಗೇನೂ ಸಿಟ್ಟಿಲ್ಲ. ಮರುದಿನ ನಾ ಸೈದಾಬಿ ಹೆಸರು ಒದರಿದಾಗ ನೀವು ಇಲ್ಲೇ ನಿಂತಿದ್ರಿ. ಹೌದಲ್ಲ? ಪೋಲೀಸರು ಅಕಿ ಮನಿ ಹೊಕ್ಕಾಗನೂ ಸುಮ್ಮನಿದ್ರಿ. ಮೆಟ್ಟಲ ಮ್ಯಾಲ ಕೂತ ಹೆಣ್ಣುಮಗಳನ್ನ ದಾಟಿ ದಾಟಿ ನನಗ ಗಂಜಿ ತಂದ್ರಿ. ಆ ಗಂಜಿ ನಾ ಕುಡದೆ. ಅದು ಮಾಫ್ ಆಗೂದಿಲ್ಲ, ಗಂಗಕ್ಕ."

ಡಾಕ್ಟರು ಕೆಮ್ಮಿದರು. "ಆತು. ಮನಿತನದ ಮಾತು, ಇಲ್ಲೇ ಮುಗಸೋಣು. ಪರಸಪ್ಪ, ಕಾಗದ ಹರದುಬಿಡು. ಸೈದಾಬಿಗೆ ನಾಳಿಂದ ಕೆಲಸಕ್ಕ ಬಾ ಅಂತ ಹೇಳ್ತೀನಿ."

"ಅಕ್ಕನ ಮರ್ಯಾದಿ," ಎಂದರು ಕೃಷ್ಣಾಜಿ. ಕಣ್ಣಲ್ಲಿ ನೀರಿತ್ತು. "ತಾರಾ, ನಿನಗ ಕೈ ಮುಗಿತೀನಿ."

ತಾರಾಬಾಯಿ ಮಂಚದಿಂದ ಕಾಲು ಇಳಿಬಿಟ್ಟರು.

"ಲೀಲಾಬಾಯಿ, ಹೆಗಲು ಕೊಡ್ರಿ."

"ಎಲ್ಲಿಗೆ?"

"ಹೊರಗ ಬರ್ರಿ ಅಂತ ಹೇಳ್ಯಾಳಲ್ಲ."

ಡಾಕ್ಟರು ಬೇಡವೆಂದರು. ನಾನೂ ಬೇಡವೆಂದೆ. ಆಕೆ ಕೇಳಲಿಲ್ಲ. ಕೋಣೆಯಿಂದ ಮುಂಬಾಗಿಲಿಗೆ ಮೂವತ್ತು ಹೆಜ್ಜೆ. ಮೂರು ಕಡೆ ನಿಂತು ದಣಿವಾರಿಸಿಕೊಂಡೆವು. ಹೊರಗೆ ಸಂತೆಗೆ ಬಂದ ಜನ. ಅಂಗಳದಲ್ಲಿ ಕೂತವರು, ಗಾಡಿಯ ನೆರಳಿನಲ್ಲಿ ಮಲಗಿದವರು. ಸೈದಾಬಿ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕುಳಿತಿದ್ದಳು.

"ನಾ ಸಾಲಿ ಅಕ್ಕೋರು ತಾರಾಬಾಯಿ," ಎಂದರು ಆಕೆ, ಬಾಗಿಲ ಚೌಕಟ್ಟು ಹಿಡಿದು. "ಜ್ವರದ ಸನ್ನಿಯೊಳಗ ಈ ಸೈದಾಬಿನ್ನ ಕಳ್ಳಿ ಅಂದೆ. ಅಕಿ ಕಳ್ಳಿ ಅಲ್ಲ. ಪಾಟಲಿ ತಗೊಂಡವ್ರು ನಮ್ಮ ಮನಿಯವ್ರು."

ಸೈದಾಬಿ ತಿರುಗಿ ನೋಡಿದಳು. ಐದು ದಿನದ ಬಿಸಿಲಿಗೆ ಮುಖ ಕಂದಿತ್ತು.

"ಜೋರಾಗಿ ಹೇಳ್ರಿ ಬಾಯಾರ. ಹಿಂದಿನವ್ರಿಗಿ ಕೇಳಿಲ್ಲ. ಮತ್ತ ನನ್ನ ಸುದ್ದಿ ಹೇಳಬೇಕಾದ್ರ ಯಾರೂ ಮನಿಯವ್ರು, ಓಣಿಯವ್ರು ಅಂದಿದ್ದಿಲ್ಲ. ಹೆಸರು ಹಿಡದ ಹೇಳಿದ್ರಿ."

ಒಳಗಿನಿಂದ ಕೃಷ್ಣಾಜಿ, "ತಾರಾ," ಎಂದರು. ಆಕೆ ತಿರುಗಲಿಲ್ಲ. ನನ್ನ ಹೆಗಲ ಮೇಲೆ ಆಕೆಯ ಬೆರಳುಗಳು ಬಿಗಿದವು. ಮತ್ತೆ ಮೊದಲಿನಿಂದ ಹೇಳಿದರು, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ. ಕೊನೆಗೆ ಹೆಸರು ಹೇಳಿದರು: ಗಂಗೂಬಾಯಿ, ನನ್ನ ಗಂಡನ ಅಕ್ಕ, ರಾಮದುರ್ಗದವರು.

ಹಿಂದಿನ ಗಾಡಿಯವನು ಎದ್ದು ಕೂತದ್ದು ಕಂಡಿತು.

ಈಗ ಏಳುತ್ತಾಳೆ ಎಂದುಕೊಂಡೆ. ಸೈದಾಬಿ ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

"ನೀವು ಸಿಸ್ಟರ್? ಹನ್ನೊಂದು ವರ್ಸ ಜೋಡೀಲೆ ಕೆಲಸ ಮಾಡೇವಿ. ನಿಮಗ ಏನೂ ಹೇಳೂದಿಲ್ಲೇನು?"

ತಾರಾಬಾಯಿಯನ್ನು ಬಾಗಿಲ ಬಳಿಯ ಬೆಂಚಿನ ಮೇಲೆ ಕೂಡಿಸಿದೆ. ಮೆಟ್ಟಿಲಿಳಿದು ಜನರ ಎದುರು ನಿಂತೆ. ನನ್ನ ಹೆಸರು ಹೇಳಿ, ನಾನು ಏನೆಂದುಕೊಂಡಿದ್ದೆ, ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನು ಗಾಡಿಯವನಿಗೂ ಕೇಳುವಷ್ಟು ಜೋರಾಗಿ ಹೇಳಿದೆ.